ಕೃಷ್ಣಪ್ಪಣ್ಣ ಸಹಿ ಹಾಕದ ವಾರ

ಹ್ಯೂಬರ್ಟ್ ಊರಿನಲ್ಲಿರುವ ಹೆಂಡತಿಗೆಂದು ತಂದಿಟ್ಟಿದ್ದ ಕೆಂಪು ನೈಲ್ ಪಾಲಿಶ್ ಕೃಷ್ಣಪ್ಪಣ್ಣನ ತಟ್ಟೆಗೆ ಹೋಯಿತು. ತಟ್ಟೆಗೆ ಒಂದು ಚುಕ್ಕಿ. ಲೋಟಕ್ಕೆ ಒಂದು. ಚಮಚಕ್ಕೆ ಒಂದು. ಹ್ಯೂಬರ್ಟ್ ನೀಟು ಮನುಷ್ಯ. ಮೂರೂ ಚುಕ್ಕಿಗಳು ಒಂದೇ ಅಳತೆಯಲ್ಲಿದ್ದವು.

"ತಪ್ಪು ತಿಳ್ಕೋಬೇಡಿ ಕೃಷ್ಣಪ್ಪಣ್ಣ. ಕಾಮಾಲೆ ಅಲ್ವಾ. ರೂಮಲ್ಲಿ ಎಂಟು ಜನ ಇದ್ದೇವೆ."

"ತಪ್ಪೆಂತ ಮಾರಾಯ? ನನ್ನ ಕಾಲಿನ ಉಗುರು ಬಾಕಿ ಉಂಟು, ಅದಕ್ಕೂ ಒಂದು ಕೈ ಹಚ್ಚು," ಎಂದು ಕೃಷ್ಣಪ್ಪಣ್ಣ ಕಾಲು ಚಾಚಿದರು.

ಎಲ್ಲರೂ ನಕ್ಕರು. ನಾನು ನಗಲಿಲ್ಲ.

ದುಬೈಯ ಸತ್ವಾದಲ್ಲಿ ಹಳೆಯ ವಿಲ್ಲಾ ಅದು. ಒಂದು ಕೋಣೆ, ನಾಲ್ಕು ಮಂಚ, ಮೇಲೊಬ್ಬ ಕೆಳಗೊಬ್ಬ. ಎಂಟೂ ಜನ ನಮ್ಮ ಧಣಿ ಆದರ್ಶನ ಯೂನಿಫಾರಂ ಅಂಗಡಿಯ ಕೆಲಸಗಾರರು. ಹೋಟೆಲ್ ಅಡುಗೆಯವರ ಕೋಟು, ಶಾಲೆ ಮಕ್ಕಳ ಚಡ್ಡಿ, ನರ್ಸುಗಳ ಅಂಗಿ, ಎಲ್ಲ ನಾವೇ ಹೊಲಿಯುವುದು. ಕೃಷ್ಣಪ್ಪಣ್ಣ ಕಟಿಂಗ್ ಮಾಸ್ಟರ್. ಐವತ್ತಮೂರು ವರ್ಷ. ನಾನು ಶ್ರವಣ್, ಇಸ್ತ್ರಿಯವನು. ಬಿ.ಎ. ಮಾಡಿದ್ದೇನೆ. ಇಸ್ತ್ರಿಗೆ ಅದು ಬೇಕಾಗುವುದಿಲ್ಲ.

ನಾನು, ಕೃಷ್ಣಪ್ಪಣ್ಣ ಇಬ್ಬರೂ ಕಾಲೊನಿಯವರು. ಊರು ಬೇರೆ, ಜಾತಿ ಒಂದೇ. ನಮ್ಮ ಜಿಲ್ಲೆಯಲ್ಲಿ ಕಾಲೊನಿ ಎಂದರೆ ಸಾಕು, ಮುಂದೆ ಯಾರೂ ಏನೂ ಕೇಳುವುದಿಲ್ಲ. ಕೃಷ್ಣಪ್ಪಣ್ಣನ ತಾಯಿ ಆದರ್ಶನ ತಂದೆಯ ಗದ್ದೆಗೆ ಸೊಪ್ಪು ಹೊತ್ತವರು. ಮಗ ಆ ಮನೆಯ ಅಂಗಳದಾಚೆ ನಿಂತು ತೆಂಗಿನ ಗೆರಟೆಯಲ್ಲಿ ಚಾ ಕುಡಿದು ಬೆಳೆದವರು. ಗೆರಟೆಯನ್ನು ಕುಡಿದ ಮೇಲೆ ಬಿಸಾಡಬಹುದು. ತೊಳೆಯುವ ರಗಳೆ ಇಲ್ಲ. ಕೂಲಿ ಕೊಡುವುದಿದ್ದರೆ ನೆಲದ ಮೇಲೆ ಇಡುತ್ತಿದ್ದರು. ಕೈಯಿಂದ ಕೈಗೆ ಏನೂ ಬರುತ್ತಿರಲಿಲ್ಲ, ಬೈಗುಳ ಬಿಟ್ಟು.

ಹತ್ತೊಂಬತ್ತು ವರ್ಷದ ಹಿಂದೆ ದುಬೈಗೆ ಬಂದ ಮೊದಲ ದಿನ ಕೆಫೆಟೇರಿಯಾದ ಮಲಬಾರಿ ಚಾದ ಗ್ಲಾಸನ್ನು ಸೀದಾ ಅವರ ಕೈಗೆ ಚಾಚಿದನಂತೆ. "ನಾನು ನೆಲ ನೋಡಿದೆ," ಎಂದು ಕೃಷ್ಣಪ್ಪಣ್ಣ ಹೇಳುತ್ತಿದ್ದರು. "ಎಂತದೋ ಬಿದ್ದಿರಬೇಕು ಅಂತ ಅವನೂ ನೋಡಿದ. ಇಬ್ರೂ ಸ್ವಲ್ಪ ಹೊತ್ತು ನೆಲ ನೋಡಿದೆವು. ಚಾ ತಣ್ಣಗಾಯ್ತು."

ಹತ್ತೊಂಬತ್ತು ವರ್ಷದಲ್ಲಿ ಆ ಅಭ್ಯಾಸ ಹೋಗಿತ್ತು. ಈಗ ಚುಕ್ಕಿ ಬಂತು.

ಹಳದಿ ಮೊದಲು ಕಣ್ಣಿಗೆ ಬಂದದ್ದು. ಆಮೇಲೆ ಅಂಗೈಗೆ, ಆಮೇಲೆ ಇಡೀ ಮೈಗೆ. ನಮ್ಮ ಕೋಣೆಯ ಹಿರಿಯ, ಅಡುಗೆಯ ಯಜಮಾನ, ಉಪ್ಪಿನಂಗಡಿ ಕಡೆಯ ಉಮ್ಮರಬ್ಬ. ನಾವೆಲ್ಲ ಕಾಕ ಎನ್ನುವುದು. ಕಾಕನ ಅಜ್ಜಿ ಕಾಮಾಲೆಗೆ ಮದ್ದು ಕೊಡುತ್ತಿದ್ದರಂತೆ. ಅಜ್ಜಿ ಸತ್ತು ಮೂವತ್ತು ವರ್ಷವಾದರೂ ಆ ಅಧಿಕಾರ ತನಗೆ ಬಂದಿದೆ ಎಂದು ಕಾಕ ನಂಬಿದ್ದರು. ಊರಿಂದ ಬರುವವನೊಬ್ಬನ ಪೆಟ್ಟಿಗೆಯಲ್ಲಿ ನೆಲನೆಲ್ಲಿ ತರಿಸಿದರು. ಬೆಳಿಗ್ಗೆ ನಮಾಜು ಮುಗಿಸಿ, ಅರೆದು, ಲಬನ್ ಮಜ್ಜಿಗೆಗೆ ಕಲಸಿ ಕುಡಿಸಿದರು. ಉಪ್ಪಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ. ಬರೀ ಗಂಜಿ. ಒಂದು ತಿಂಗಳು.

"ಮದ್ದಿಗೆ ಥ್ಯಾಂಕ್ಸ್ ಹೇಳ್ಬಾರ್ದು, ಹೇಳಿದ್ರೆ ಹಿಡಿಯುದಿಲ್ಲ," ಎನ್ನುತ್ತಿದ್ದರು ಕಾಕ.

"ಕುಡಿದವನಿಗೆ ಥ್ಯಾಂಕ್ಸ್ ಬಾಯಿಗೆ ಬರುದೂ ಇಲ್ಲ ಕಾಕ. ಬೇರೆ ಎಂತದೋ ಬರ್ತದೆ," ಎನ್ನುತ್ತಿದ್ದರು ಕೃಷ್ಣಪ್ಪಣ್ಣ.

ತಿಂಗಳಾದ ಮೇಲೆ ಅವರು ಮೊದಲಿಗಿಂತ ಹಳದಿಯಾಗಿದ್ದರು. ಹನ್ನೊಂದು ಕಿಲೋ ಇಳಿದಿದ್ದರು. ಮೂತ್ರ ಕಡು ಚಾದ ಹಾಗೆ, ಮಲ ಸುಣ್ಣದ ಹಾಗೆ. ಇದನ್ನು ಹೇಳಲು ನನಗೆ ಮುಜುಗರವಿಲ್ಲ. ಎಂಟು ಜನಕ್ಕೆ ಒಂದೇ ಕಕ್ಕಸು ಇದ್ದರೆ ಮುಜುಗರ ಮೊದಲ ವಾರವೇ ಮುಗಿಯುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ತುರಿಕೆ. ಚರ್ಮದ ಮೇಲಲ್ಲ, ಚರ್ಮದ ಒಳಗೆ. ಕೆರೆದು ಕೆರೆದು ಬೆನ್ನು ಗೀರುಗೀರಾಗಿತ್ತು. ಏಳು ವಾರ ಅವರು ನೆಟ್ಟಗೆ ನಿದ್ರೆ ಮಾಡಿರಲಿಲ್ಲ. ಆದರೂ ಬೆಳಿಗ್ಗೆ ಎಂಟಕ್ಕೆ ಕಟಿಂಗ್ ಮೇಜಿನ ಮುಂದೆ ನಿಲ್ಲುತ್ತಿದ್ದರು. ಹನ್ನೊಂದು ಗಂಟೆ ನಿಲ್ಲುವ ಕೆಲಸ. ಹತ್ತು ಪದರ ಬಟ್ಟೆ ಒಟ್ಟಿಗೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಮೊಳಕೈಯಷ್ಟುದ್ದದ ಕತ್ತರಿಯಲ್ಲಿ ಕತ್ತರಿಸುವುದು. ಎಲೆಕ್ಟ್ರಿಕ್ ಕಟರ್ ಇದೆ. ಅದು ಕೆಟ್ಟು ಎರಡು ವರ್ಷವಾಯಿತು. ಕೃಷ್ಣಪ್ಪಣ್ಣ ಕೆಟ್ಟಿರಲಿಲ್ಲವಲ್ಲ, ಹಾಗಾಗಿ ರಿಪೇರಿ ಆಗಲಿಲ್ಲ. ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಹುಣಸೆಬೀಜದಷ್ಟು ದಪ್ಪದ ಗಂಟು. ಎಡಗೈಯಲ್ಲಿ ಮರದ ಅಡಿಕೋಲು. ಒಂದು ಗೆರೆ ಎಳೆಯುವುದು, ಅದೇ ಕೋಲಿನಲ್ಲಿ ಬೆನ್ನು ಕೆರೆಯುವುದು, ಮತ್ತೊಂದು ಗೆರೆ.

ಊರಿನಲ್ಲಿರುವ ಹೆಂಡತಿ ಜಲಜಾಕ್ಷಿ ವಿಡಿಯೋ ಕಾಲಿನಲ್ಲಿ ಕೇಳಿದರು, "ಮುಖ ಎಂತ ಹಾಗೆ ಕಾಣ್ತದೆ?"

"ಇಲ್ಲಿಯ ಬಲ್ಬೇ ಹಾಗೆ. ಚಿನ್ನದ ಊರಲ್ವಾ."

ಹೋಟೆಲಿನಿಂದ ಅಳತೆಗೆ ಬಂದ ಮ್ಯಾನೇಜರ್ ಒಬ್ಬ ಕೃಷ್ಣಪ್ಪಣ್ಣನನ್ನು ನೋಡಿ ಎರಡು ಹೆಜ್ಜೆ ಹಿಂದೆ ಹೋದ. ಆದರ್ಶನಿಗೆ ಎಚ್ಚರವಾದದ್ದು ಆಗ. ಅಲ್ಲಿಯವರೆಗೆ ಅವನಿಗೆ ಬಟ್ಟೆ ಮಾತ್ರ ಕಂಡಿತ್ತು, ಕತ್ತರಿಸುವವನು ಕಂಡಿರಲಿಲ್ಲ.

ಆದರ್ಶನಿಗೆ ಮೂವತ್ತೆಂಟು. ತಂದೆ ಹಾಕಿದ ಅಂಗಡಿಯನ್ನು ಮಗ ನಡೆಸುತ್ತಾನೆ. ದುಬೈಯಲ್ಲಿ ಜಾತಿಗೀತಿ ಇಲ್ಲ ಎಂದು ವೇದಿಕೆಯ ಮೇಲೆ ಚೆನ್ನಾಗಿ ಮಾತಾಡುತ್ತಾನೆ. ಅವನ ಕ್ಯಾಬಿನ್ನಿನಲ್ಲಿ ನಾವೆಲ್ಲ ಒಂದೇ ಕುಟುಂಬ ಎಂಬ ಬೋರ್ಡಿದೆ. ಕುಟುಂಬದವರು ಕ್ಯಾಬಿನ್ನಿನ ಒಳಗೆ ಬರುವಂತಿಲ್ಲ.

"ಕೃಷ್ಣಪ್ಪ, ಊರಿಗೆ ಹೋಗು," ಎಂದ, ಬಾಗಿಲಲ್ಲಿ ನಿಂತು, ಕರವಸ್ತ್ರ ಮೂಗಿಗೆ ಹಿಡಿದು. "ವೀಸಾ ಕ್ಯಾನ್ಸಲ್ ಮಾಡ್ತೇನೆ. ಒಂದು ಸಹಿ ಹಾಕಿದ್ರೆ ಸಾಕು. ಟಿಕೆಟ್ ನಂದು."

"ಒಮ್ಮೆ ಆಸ್ಪತ್ರೆಗೆ ತೋರಿಸಿ ಬರ್ತೇನೆ ಧಣಿ."

"ಊರಲ್ಲಿ ಆಸ್ಪತ್ರೆ ಇಲ್ವಾ? ಇಲ್ಲಿ ನೀನು ಹೆಚ್ಚುಕಮ್ಮಿ ಆದ್ರೆ ಪೆಟ್ಟಿಗೆ ಕಳಿಸುವ ತಲೆನೋವು ಯಾರಿಗೆ?"

ಧಣಿ ಬಾಯಿತಪ್ಪಿ ಹೇಳಿದ್ದಲ್ಲ. ಲೆಕ್ಕ ಹಾಕಿಯೇ ಹೇಳಿದ್ದು.

ಆಸ್ಪತ್ರೆಗೆ ನಾನು ಜೊತೆಗೆ ಹೋದೆ. ಸ್ಕ್ಯಾನು, ರಕ್ತ, ಮತ್ತೆ ಸ್ಕ್ಯಾನು. ಶುಕ್ರವಾರ ಈಜಿಪ್ಟಿನ ಡಾಕ್ಟರು ಕರೆದು ಕೂರಿಸಿದರು. ಅವರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನರ್ಸ್ ಉರ್ಸುಲಾ ನಮಗೆ ಹೇಳಿದರು. ನಮ್ಮ ಜಿಲ್ಲೆಯ ಕಿನ್ನಿಗೋಳಿಯವರು. ಮಾತಿಗೆ ಸಕ್ಕರೆ ಹಾಕುವ ಅಭ್ಯಾಸ ಅವರಿಗಿರಲಿಲ್ಲ.

"ಕೃಷ್ಣಪ್ಪಣ್ಣ, ಇದು ಅಂಟುವ ಕಾಮಾಲೆ ಅಲ್ಲ. ಕ್ಯಾನ್ಸರ್. ಹೊಟ್ಟೆಯ ಹಿಂದೆ ಮೇದೋಜೀರಕ ಗ್ರಂಥಿ ಅಂತ ಉಂಟು, ಅದರ ತಲೆಯಲ್ಲಿ ಗಡ್ಡೆ. ಪಕ್ಕದಲ್ಲೇ ಪಿತ್ತದ ನಾಳ ಹೋಗ್ತದೆ. ಗಡ್ಡೆ ಅದನ್ನು ಒತ್ತಿ ಹಿಡಿದಿದೆ. ಪಿತ್ತ ಕೆಳಗೆ ಇಳಿಯದೆ ರಕ್ತಕ್ಕೆ ಹೋಗ್ತಾ ಉಂಟು. ಹಳದಿ ಅದೇ, ತುರಿಕೆ ಅದೇ."

"ಕೊಯ್ದು ತೆಗೀಲಿಕ್ಕೆ?"

"ಆಗುದಿಲ್ಲ. ಲಿವರಿಗೆ ಹೋಗಿದೆ."

ಕೃಷ್ಣಪ್ಪಣ್ಣ ಸ್ವಲ್ಪ ಹೊತ್ತು ಅಡಿಕೋಲಿಲ್ಲದ ಕೈಯಲ್ಲಿ ಮೊಣಕಾಲು ಕೆರೆದರು. ನನಗೆ ಕೂತ ಕುರ್ಚಿ ಕಾಣಿಸಲಿಲ್ಲ. ಅವರಿಗೆ ಎಲ್ಲ ಕಾಣಿಸುತ್ತಿತ್ತು ಎಂದು ತೋರುತ್ತದೆ. ಡಾಕ್ಟರು ಕಾಗದದ ಮೇಲೆ ನಾಳದ ಚಿತ್ರ ಬರೆದು, ಬಾಯಿಯಿಂದ ಕ್ಯಾಮರಾ ಇಳಿಸಿ, ತಂತಿ ತೂರಿಸಿ, ಅದರ ಮೇಲೆ ಒಂದು ಲೋಹದ ಜಾಲರಿ ಕೊಳವೆ ಕೂರಿಸುವುದನ್ನು ತೋರಿಸುವಾಗ ಕೃಷ್ಣಪ್ಪಣ್ಣ ಅವರ ಕೈಯಿಂದ ಪೆನ್ನು ತೆಗೆದುಕೊಂಡರು.

"ಪಾಯಿಜಾಮದ ಲಾಡಿ," ಎಂದರು.

"ಎಂತ?" ಎಂದರು ಉರ್ಸುಲಾ.

"ಡಾಕ್ಟ್ರಿಗೆ ಹೇಳಿ. ಸೊಂಟದ ಪಟ್ಟಿಯ ಮೇಲೆ ಯಾರೋ ಇಸ್ತ್ರಿಪೆಟ್ಟಿಗೆ ಇಟ್ಟಿದ್ದಾರೆ. ಪೆಟ್ಟಿಗೆ ಎತ್ತಲಿಕ್ಕೆ ಆಗುದಿಲ್ಲ. ಪಿನ್ನು ಮೊದಲು ತೂರಿಸಿ, ಹಿಂದಿಂದ ಲಾಡಿ ಎಳೀಬೇಕು. ಲಾಡಿ ಒಳಗೆ ಹೋಗಿ ಉಬ್ಬಿ ನಿಲ್ಬೇಕು. ಸರಿಯಾ?"

ಉರ್ಸುಲಾ ಇಂಗ್ಲಿಷ್ ಮಾಡಿದರು. ಡಾಕ್ಟರು ನಕ್ಕು, ಇದಕ್ಕಿಂತ ಚೆನ್ನಾಗಿ ತಾನು ವಿದ್ಯಾರ್ಥಿಗಳಿಗೂ ಹೇಳಿಲ್ಲ ಎಂದರು.

"ಇದರಿಂದ ಕ್ಯಾನ್ಸರ್ ಹೋಗುದಿಲ್ಲ," ಎಂದರು ಉರ್ಸುಲಾ. "ಆದ್ರೆ ಪಿತ್ತ ಇಳೀತದೆ. ತುರಿಕೆ ಹೋಗ್ತದೆ, ನಿದ್ರೆ ಬರ್ತದೆ, ಬಾಯಿಗೆ ರುಚಿ ಬರ್ತದೆ. ಹಳದಿ ಇಳಿದ್ರೆ ಆಮೇಲೆ ಕ್ಯಾನ್ಸರಿಗೆ ಮದ್ದು ಕೊಟ್ಟು ನೋಡ್ಬಹುದು. ಇಳಿಯದೆ ಕೊಡ್ಲಿಕ್ಕೆ ಆಗುದಿಲ್ಲ. ಹೀಗೇ ಬಿಟ್ರೆ ಪಿತ್ತದಲ್ಲಿ ಕೀವು ಆಗಿ ಬೇಗ ಹೋಗ್ತೀರಿ."

"ಮೀನು ತಿನ್ಬಹುದಾ?"

"ತಿನ್ಬಹುದು."

"ಹಾಗಾದ್ರೆ ಹಾಕಿ."

ಗುರುವಾರಕ್ಕೆ ದಿನ ಸಿಕ್ಕಿತು. ಇನ್ಶೂರೆನ್ಸಿನವರು ಒಪ್ಪಿದ್ದರು. ಉರ್ಸುಲಾ ಒಂದೇ ಎಚ್ಚರಿಕೆ ಕೊಟ್ಟರು. "ಗುರುವಾರದವರೆಗೆ ವೀಸಾ ಜೀವಂತ ಇರ್ಬೇಕು. ಅದು ಕ್ಯಾನ್ಸಲ್ ಆದ್ರೆ ಇನ್ಶೂರೆನ್ಸ್ ಕಾರ್ಡೂ ಸತ್ತ ಹಾಗೆ. ಆಮೇಲೆ ನಾನು ಎಂತ ಮಾಡ್ಲಿಕ್ಕೂ ಆಗುದಿಲ್ಲ. ಎಂತದಕ್ಕೂ ಸಹಿ ಹಾಕ್ಬೇಡಿ." ಹೊರಡುವಾಗ ಡಾಕ್ಟರ ಸಹಿ ಇರುವ ಕಾಗದವೊಂದನ್ನು ಕೊಟ್ಟರು. ಈ ಕಾಯಿಲೆ ಯಾರಿಗೂ ಅಂಟುವುದಿಲ್ಲ, ಜೊತೆಗಿರುವವರಿಗೆ ಯಾವ ಅಪಾಯವೂ ಇಲ್ಲ ಎಂದು ಅದರಲ್ಲಿತ್ತು.

ಬಸ್ಸಿನಲ್ಲಿ ನಾನು ಆ ಕಾಗದವನ್ನು ನಾಲ್ಕು ಸಲ ಓದಿದೆ. ಹ್ಯೂಬರ್ಟನ ಮುಖಕ್ಕೆ ಹಿಡಿಯುತ್ತೇನೆ, ಆದರ್ಶನ ಕ್ಯಾಬಿನ್ನಿನ ಗಾಜಿಗೆ ಅಂಟಿಸುತ್ತೇನೆ ಎಂದೆ.

"ಇಲ್ಲಿ ಕೊಡು," ಎಂದರು ಕೃಷ್ಣಪ್ಪಣ್ಣ. ಮಡಚಿ ಬನಿಯನ್ನಿನ ಒಳಗೆ ಸೇರಿಸಿದರು. "ಗುರುವಾರ ಆಗ್ಲಿ."

"ಯಾಕೆ?"

"ಧಣಿ ನನ್ನ ಹತ್ರ ಬರ್ಲಿಕ್ಕೆ ಹೆದರ್ತಾನೆ. ನಾನು ಮುಟ್ಟಿದ ಪೇಪರ್ ಮುಟ್ಲಿಕ್ಕೆ ಹೆದರ್ತಾನೆ. ಕ್ಯಾನ್ಸಲ್ ಆಗ್ಬೇಕಾದ್ರೆ ನಾನು ಮುಟ್ಟಿದ ಪೇಪರನ್ನು ಅವ ಮುಟ್ಲೇಬೇಕಲ್ಲ?"

ನನಗೆ ಅರ್ಥವಾಯಿತು. ಅರ್ಥವಾದ ಕೂಡಲೇ ಸಿಟ್ಟು ಬಂತು. "ಊರಲ್ಲಿ ಮಾಡಿದ್ದನ್ನೇ ಇಲ್ಲಿಯೂ ಮಾಡ್ಲಿ ಅಂತೀರಾ? ಅಂಟುದಿಲ್ಲ ಅಂತ ಕಾಗದ ಇಟ್ಕೊಂಡು ನೀವೇ ಅಂಟುವವ ಅಂತ ನಿಲ್ತೀರಾ? ನಿಮಗೆ ನಾಚಿಕೆ ಆಗುದಿಲ್ವಾ?"

"ನಾಚಿಕೆ ನಂದಲ್ಲ ಮಾರಾಯ, ಅವಂದು. ಅವನ ನಾಚಿಕೆಯಿಂದ ನಂಗೆ ಐದು ದಿನ ಸಿಗ್ತದೆ ಅಂದ್ರೆ ನಂಗೆಂತ ನಷ್ಟ? ಮೂವತ್ತನಾಲ್ಕು ವರ್ಷ ಪುಕ್ಕಟೆ ಅಸ್ಪೃಶ್ಯ ಆಗಿದ್ದೆ. ಇದೊಂದು ವಾರ ಲಾಭಕ್ಕೆ ಆಗ್ತೇನೆ."

ಈಗಲೂ ಆ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಸಾಯುವ ಕಾಯಿಲೆ ನನ್ನದಾಗಿರಲಿಲ್ಲ.

ಶನಿವಾರ ಆದರ್ಶ ಫಾರಂ ತಂದ. ಕಟಿಂಗ್ ಮೇಜಿನ ಆ ತುದಿಯಲ್ಲಿಟ್ಟು ಅಡಿಕೋಲಿನಿಂದ ಈ ತುದಿಗೆ ತಳ್ಳಿದ. ಮೂರು ಹಾಳೆ. ಕೃಷ್ಣಪ್ಪಣ್ಣ ನಾಲಿಗೆಗೆ ಬೆರಳು ಮುಟ್ಟಿಸಿ ಮೊದಲ ಹಾಳೆ ತಿರುಗಿಸಿದರು. ಮತ್ತೆ ನಾಲಿಗೆ, ಎರಡನೆಯ ಹಾಳೆ. ಪೆನ್ನಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಯೋಚಿಸಿದರು.

"ಧಣಿ, ಹೆಸರು ಕನ್ನಡದಲ್ಲಾ ಇಂಗ್ಲಿಷಲ್ಲಾ?"

"ಯಾವುದಾದ್ರೂ ಹಾಕು."

"ಈ ಗೆರೆ ಎಂತದು, ಇಲ್ಲಿಯಾ ಹಾಕುದು? ನೀವೇ ಒಮ್ಮೆ ತೋರಿಸಿ." ಎಂದು ಎಂಜಲಾದ ಹಾಳೆ ಹಿಡಿದು ಮೇಜು ಸುತ್ತಿಕೊಂಡು ಹೊರಟರು.

ಆದರ್ಶನೂ ಮೇಜು ಸುತ್ತಿದ. ಇಬ್ಬರೂ ಒಂದು ಸುತ್ತು ಹಾಕಿದರು. ಎರಡನೇ ಸುತ್ತಿಗೆ ಆದರ್ಶ ಕ್ಯಾಬಿನ್ನಿಗೆ ನುಗ್ಗಿ ಬಾಗಿಲು ಹಾಕಿಕೊಂಡ. ಹೊಲಿಗೆ ಯಂತ್ರಗಳೆಲ್ಲ ನಿಂತಿದ್ದವು. ಕಾಕ ಬಟ್ಟೆ ಕಚ್ಚಿ ನಗುತ್ತಿದ್ದರು.

ಸೋಮವಾರ ಫಾರಂ ನನ್ನ ಕೈಯಲ್ಲಿ ಬಂತು. ಕೃಷ್ಣಪ್ಪಣ್ಣ ಅದನ್ನು ತೆಗೆದುಕೊಂಡು ಕಂಕುಳಲ್ಲಿ ಇಟ್ಟುಕೊಂಡು ಅರ್ಧ ದಿನ ಕೆಲಸ ಮಾಡಿದರು. ಆಮೇಲೆ ಎಂಟು ಮಡಿಕೆ ಮಡಚಿ ಹಿಂದೆ ಕಳಿಸಿದರು. ಆದರ್ಶ ಅದನ್ನು ಬಿಚ್ಚಲಿಲ್ಲ. ಬಿಸಿಲಿಗೆ ಒಣಗಿಸಿದರೆ ಕ್ರಿಮಿ ಸಾಯುತ್ತದೆ ಎಂದು ಹೊರಗೆ ಏಸಿ ಯಂತ್ರದ ಮೇಲೆ ಇಡಿಸಿದ. ಒಂದು ಗಂಟೆಯ ನಂತರ ನನ್ನಿಂದಲೇ ಬಿಡಿಸಿ ನೋಡಿದ.

"ಸಹಿ ಎಲ್ಲಿ?"

"ಹಾಕಿದ್ದೇನಲ್ಲ ಧಣಿ," ಎಂದರು ಕೃಷ್ಣಪ್ಪಣ್ಣ ಮೇಜಿನ ಹತ್ತಿರದಿಂದಲೇ. "ಬೆವರಿಗೆ ಹೋಗಿರ್ಬೇಕು."

ಮಂಗಳವಾರ ಫಾರಂ ಪ್ಲಾಸ್ಟಿಕ್ ಕವರಿನೊಳಗೆ ಕೂತು ಬಂತು. ಸಹಿಯ ಜಾಗಕ್ಕೆ ಕಿಟಕಿಯ ಹಾಗೆ ಕತ್ತರಿಸಬೇಕಿತ್ತು, ಆದರ್ಶ ಮರೆತಿದ್ದ. ಕೃಷ್ಣಪ್ಪಣ್ಣ ಪ್ಲಾಸ್ಟಿಕ್ಕಿನ ಮೇಲೆಯೇ ದೊಡ್ಡದಾಗಿ, ಸೊಟ್ಟಾಗದೆ, ಕೆಳಗೊಂದು ಗೆರೆ ಎಳೆದು ಸಹಿ ಹಾಕಿದರು. ಸಂಜೆ ಆದರ್ಶ ಸ್ಯಾನಿಟೈಸರ್ ಹಚ್ಚಿ ಕವರು ಒರೆಸಿದ. ಸಹಿ ಟಿಶ್ಯೂ ಪೇಪರಿಗೆ ಹೋಯಿತು.

"ಕೆಲಸಕ್ಕೆ ಬರ್ಲಿಲ್ಲ, ಓಡಿಹೋದ ಅಂತ ಬರೆದು ಹಾಕ್ತೇನೆ ನೋಡು!" ಎಂದು ಕೂಗಿದ. ಹಾಗೆ ದೂರು ಬಿದ್ದರೆ ವೀಸಾ ಹೋಗುತ್ತದೆ, ಪೊಲೀಸರು ಹಿಡಿಯುತ್ತಾರೆ. ಇಲ್ಲಿ ಆ ಬೆದರಿಕೆಗೆ ಎಲ್ಲರೂ ನಡುಗುತ್ತಾರೆ. ಕೃಷ್ಣಪ್ಪಣ್ಣ ಅದಕ್ಕೂ ತಯಾರಾಗಿದ್ದರು. ಆ ವಾರವಿಡೀ ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಕ್ಯಾಮರಾದ ಎದುರು ನಿಂತು ಕೈಯೆತ್ತಿ ಸಲಾಂ ಹೊಡೆದು, ಹಿಂದೆ ತಿರುಗಿ ಬೆನ್ನೂ ತೋರಿಸಿ, ಆಮೇಲೆ ಕತ್ತರಿ ಹಿಡಿಯುತ್ತಿದ್ದರು.

ಇಷ್ಟೆಲ್ಲ ಆಟವಾಡುವಾಗ ಅವರ ಮೈ ಹೇಗಿತ್ತು ಎಂದೂ ಹೇಳಬೇಕು. ಕಕ್ಕಸಿನಿಂದ ಬರುವಾಗ ಗೋಡೆ ಹಿಡಿಯುತ್ತಿದ್ದರು. ಮಂಗಳವಾರ ಮೈ ಸ್ವಲ್ಪ ಬಿಸಿಯಾಗಿತ್ತು. ನಾನು ಉರ್ಸುಲಾರಿಗೆ ಫೋನ್ ಮಾಡಿದೆ. ಚಳಿಜ್ವರ ಬಂದರೆ ಗುರುವಾರಕ್ಕೆ ಕಾಯಬೇಡಿ, ಸೀದಾ ತುರ್ತು ವಿಭಾಗಕ್ಕೆ ಬನ್ನಿ ಎಂದರು. ಜ್ವರ ಏರಲಿಲ್ಲ. ಕೃಷ್ಣಪ್ಪಣ್ಣ ಅಂದು ಇನ್ನೂರ ನಲ್ವತ್ತು ಅಡುಗೆ ಕೋಟು ಕತ್ತರಿಸಿದರು. ಒಂದೂ ವಕ್ರವಾಗಿರಲಿಲ್ಲ.

ಬುಧವಾರ ಆದರ್ಶ ಗೆದ್ದ ಮುಖದಲ್ಲಿ ಬಂದ. ಎರಡೂ ಕೈಗೆ ನೀಲಿ ಗ್ಲೌಸು. ಮುಖಕ್ಕೆ ಎರಡು ಮಾಸ್ಕು. ತಲೆಗೆ ಪ್ಲಾಸ್ಟಿಕ್ ಟೋಪಿ. ಒಂದು ಕೈಯಲ್ಲಿ ಫಾರಂ, ಇನ್ನೊಂದರಲ್ಲಿ ಶಾಯಿಯ ಪ್ಯಾಡು.

"ಆಪರೇಷನ್ ನಿಮಗಾ ನಂಗಾ ಧಣಿ?" ಎಂದರು ಕೃಷ್ಣಪ್ಪಣ್ಣ.

ಆದರ್ಶ ನಗಲಿಲ್ಲ. ಹೆದರಲೂ ಇಲ್ಲ. ಸೀದಾ ಹತ್ತಿರ ಬಂದ. ಏಳು ವಾರದಲ್ಲಿ ಅವನು ಅವರ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. "ಸಹಿ ಬೇಡ. ಹೆಬ್ಬೆಟ್ಟು ಸಾಕು. ನಿಮ್ಮವರದ್ದೆಲ್ಲ ಹೆಬ್ಬೆಟ್ಟೇ ಅಲ್ವಾ," ಎಂದ. ಬಲಗೈಯ ಮಣಿಕಟ್ಟು ಹಿಡಿದು ಪ್ಯಾಡಿನ ಕಡೆಗೆ ಎಳೆದ.

ಆಟ ಮುಗಿಯಿತು ಎಂದು ನನಗೆ ಗೊತ್ತಾಯಿತು. ಕೃಷ್ಣಪ್ಪಣ್ಣನಿಗೂ. ಅವರ ಮುಖದ ನಗು ಹೋಗುವುದನ್ನು ನಾನು ನೋಡಿದೆ. ಅವರು ಹೆಬ್ಬೆರಳನ್ನು ಒಳಗೆ ಮಡಚಿ ಅದರ ಮೇಲೆ ನಾಲ್ಕು ಬೆರಳು ಮುಚ್ಚಿದರು. ಮುಷ್ಟಿ.

ಆದರ್ಶ ಬಿಡಿಸಲು ನೋಡಿದ. ಒಂದು ಬೆರಳು ಎತ್ತಿದರೆ ಇನ್ನೊಂದು ಕೂರುತ್ತಿತ್ತು. ಎರಡು ಕೈ ಹಾಕಿದ. ಗ್ಲೌಸು ಜಾರಿತು, ಹರಿಯಿತು. ಹನ್ನೊಂದು ಕಿಲೋ ಇಳಿದ ಮೈ, ಹೆಗಲ ಮೂಳೆ ಅಂಗಿಯಿಂದ ಚುಚ್ಚುತ್ತಿತ್ತು. ಆದರೆ ಆ ಕೈ ಹತ್ತೊಂಬತ್ತು ವರ್ಷ ಕತ್ತರಿ ಹಿಡಿದ ಕೈ. ಅದು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಹೇಳುವವರು ಬೇರೆ ಯಾರೂ ಇರಲಿಲ್ಲ.

"ಬಿಡಿ ಆದರ್ಶ," ಎಂದರು ಕೃಷ್ಣಪ್ಪಣ್ಣ.

ಧಣಿ ಎನ್ನಲಿಲ್ಲ. ಅಂಗಡಿಯಲ್ಲಿ ಎಲ್ಲರಿಗೂ ಕೇಳಿಸಿತು.

"ಎಂತ ಹೇಳಿದೆ?"

"ಹೆಸರು ಹೇಳಿದೆ. ನಿಮ್ಮ ಅಪ್ಪ ಇಟ್ಟ ಹೆಸರು. ಕೈ ಬಿಡಿ. ನಾನು ಸಹಿ ಹಾಕುದಿಲ್ಲ. ಹೆಬ್ಬೆಟ್ಟೂ ಹಾಕುದಿಲ್ಲ. ನಾಳೆ ನಂಗೆ ಆಸ್ಪತ್ರೆಯಲ್ಲಿ ಕೆಲಸ ಉಂಟು, ರಜೆ. ಊರಿಗೆ ಹೋಗುದು ಯಾವಾಗ ಅಂತ ನಾನು ಹೇಳ್ತೇನೆ. ನೀವು ಹೇಳುದಲ್ಲ."

"ನಮ್ಮ ಅಂಗಳದಲ್ಲಿ ಕಾಲಿಡ್ಲಿಕ್ಕೆ ಯೋಗ್ಯತೆ ಇಲ್ಲದವ..."

"ಹೌದು. ಕಾಲಿಡ್ಲಿಲ್ಲ. ಈಗ ನೀವೇ ನನ್ನ ಕೈ ಹಿಡ್ಕೊಂಡಿದ್ದೀರಲ್ಲ."

ಆದರ್ಶ ಬಿಟ್ಟ. ಬೆಂಕಿ ಮುಟ್ಟಿದವನ ಹಾಗೆ ಬಿಟ್ಟ. ಹರಿದ ಗ್ಲೌಸಿನಿಂದ ಅವನ ನಡುಬೆರಳು ಹೊರಗೆ ಬಂದಿತ್ತು. ಅದನ್ನೇ ನೋಡುತ್ತ ವಾಶ್‌ಬೇಸಿನ್ನಿಗೆ ಓಡಿದ. ನೀರು ಬಿಟ್ಟ ಶಬ್ದ ಬಹಳ ಹೊತ್ತು ಕೇಳಿಸಿತು.

ಅಂದು ಸಂಜೆ ಕೋಣೆಯಲ್ಲಿ ಕೃಷ್ಣಪ್ಪಣ್ಣ ಬನಿಯನ್ನಿನೊಳಗಿಂದ ಕಾಗದ ತೆಗೆದು ನನಗೆ ಕೊಟ್ಟರು. "ಈಗ ಓದು. ಜೋರಾಗಿ ಓದು."

ಓದಿದೆ. ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ಕ್ಯಾನ್ಸರ್ ಎಂಬಲ್ಲಿ ಕಾಕ ಒಲೆ ಆರಿಸಿದರು. ಅಂಟುವುದಿಲ್ಲ ಎಂಬಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಕಾಕ ಗೋಡೆಗೆ ಒರಗಿ ಕೂತರು. "ಯಾ ಅಲ್ಲಾ. ಒಂದು ತಿಂಗಳು ನಾನು ಸೊಪ್ಪು ಕುಡಿಸಿದೆನಲ್ಲ. ಆಗ್ಲೇ ಆಸ್ಪತ್ರೆಗೆ ಕಳಿಸಿದ್ರೆ?"

"ಆಗ್ಲೂ ಅದೇ ಗಡ್ಡೆ ಕಾಕ. ತಿಂಗಳು ಮೊದಲು ಲಾಡಿ ಹಾಕ್ತಿದ್ರು, ತಿಂಗಳು ಕಡಿಮೆ ಕೆರೀತಿದ್ದೆ." ಸುಳ್ಳು ಹೇಳಿ ಸಮಾಧಾನ ಮಾಡುವ ಜನ ಅಲ್ಲ ಅವರು. "ನಿಮ್ಮ ತಪ್ಪು ಉಂಟು. ಆದ್ರೆ ನೀವು ನನ್ನ ಬಾಯಿಗೆ ಲೋಟ ಹಿಡಿದು ಕುಡಿಸಿದ್ರಿ. ಹ್ಯೂಬರ್ಟ್ ದೊರೆ ಚುಕ್ಕಿ ಹಚ್ಚಿದ್ರು."

ಹ್ಯೂಬರ್ಟ್ ಎದ್ದು ಅಡುಗೆ ಮೂಲೆಗೆ ಹೋದ. ಕೃಷ್ಣಪ್ಪಣ್ಣನ ತಟ್ಟೆಯಲ್ಲಿ ಅನ್ನ ಬಡಿಸಿಕೊಂಡು ಬಂದ. ಎಲ್ಲರ ಎದುರು ಕೂತು ಊಟ ಮಾಡಿದ. ಒಂದು ಅಗುಳು ಬಿಡದೆ ಉಂಡ.

"ಅದು ನನ್ನ ಅನ್ನ ಮಾರಾಯ," ಎಂದರು ಕೃಷ್ಣಪ್ಪಣ್ಣ. "ಪಶ್ಚಾತ್ತಾಪಕ್ಕೆ ಬೇರೆ ಅನ್ನ ಹಾಕ್ಕೊಳ್ಬಾರ್ದಾ?"

ಆ ಸಲ ನಾನೂ ನಕ್ಕೆ.

ಗುರುವಾರ ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಹೋದೆವು. ರಿಸೆಪ್ಷನ್ನಿನಲ್ಲಿ ಕಾರ್ಡನ್ನು ಯಂತ್ರಕ್ಕೆ ತೋರಿಸಿದಾಗ ನಾನು ಕಣ್ಣು ಮುಚ್ಚಿದ್ದೆ. ಹುಡುಗಿ "ಓಕೆ, ಯಲ್ಲಾ," ಎಂದು ಒಳಗೆ ಹೋಗಲು ಕೈ ತೋರಿಸಿದಳು. ವೀಸಾ ಜೀವಂತವಿತ್ತು.

ಒಳಗೆ ಹೋಗುವಾಗ ಕೃಷ್ಣಪ್ಪಣ್ಣ ಉರ್ಸುಲಾರನ್ನು ಕೇಳಿದರು, "ಲಾಡಿಯನ್ನು ಆಚೆ ತುದಿಯಲ್ಲಿ ಗಂಟು ಹಾಕ್ತೀರಾ?"

"ಬೇಡ. ತಂತಿ ಜಾಲರಿ, ತಾನೇ ಬಿಚ್ಕೊಂಡು ಕಚ್ಚಿ ನಿಲ್ತದೆ."

"ಒಳ್ಳೆಯ ಮಾಲು."

ಒಂದು ಗಂಟೆ. ಆಮೇಲೆ ಉರ್ಸುಲಾ ಹೊರಗೆ ಬಂದು ಮಾಸ್ಕ್ ಇಳಿಸಿದರು. ನಾಳ ಬಹಳ ಕಿರಿದಾಗಿತ್ತಂತೆ. ತಂತಿ ಮೂರನೆಯ ಸಲಕ್ಕೆ ತೂರಿತಂತೆ. ಕೊಳವೆ ಬಿಚ್ಚಿದ ಕೂಡಲೇ ಏಳು ವಾರದಿಂದ ಕಟ್ಟಿ ನಿಂತ ಪಿತ್ತ ಕಪ್ಪು ಹಸಿರಾಗಿ ಧುಮುಕಿತಂತೆ. "ಪರದೆ ತುಂಬ ಅದೇ. ಡಾಕ್ಟ್ರು ಚಪ್ಪಾಳೆ ಹೊಡೆದ್ರು," ಎಂದರು. ಆಮೇಲೆ ನನ್ನ ಮುಖ ನೋಡಿ, "ಹಿಗ್ಗಬೇಡ. ಇದು ಗೆಲುವಲ್ಲ. ತಿಂಗಳುಗಳ ಲೆಕ್ಕ. ಆದ್ರೆ ತಿಂಗಳು ತಿಂಗಳೇ," ಎಂದರು.

ಶುಕ್ರವಾರ ಸಂಜೆ ಮನೆಗೆ ಕಳಿಸಿದರು. ಹಳದಿ ಹೋಗಲು ವಾರಗಳು ಬೇಕು ಎಂದಿದ್ದರು. ತುರಿಕೆ ಅಷ್ಟು ಕಾಯಲಿಲ್ಲ. ಶನಿವಾರ ಬೆಳಿಗ್ಗೆ ಕೃಷ್ಣಪ್ಪಣ್ಣ ಗಂಜಿ ಕುಡಿದು ತಮ್ಮ ಕೆಳಗಿನ ಮಂಚದಲ್ಲಿ ಒರಗಿದರು. ಕೈ ಬೆನ್ನಿಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ಕೈಗೆ ಏನು ಮಾಡಬೇಕೆಂದೇ ತಿಳಿಯದ ಹಾಗೆ ಅದು ಹೊದಿಕೆಯ ಮೇಲೆ ಬಿದ್ದುಕೊಂಡಿತ್ತು. ಆಮೇಲೆ ಗೊರಕೆ ಶುರುವಾಯಿತು. ಸಣ್ಣ ಗೊರಕೆಯಲ್ಲ. ಓವರ್‌ಲಾಕ್ ಯಂತ್ರದಲ್ಲಿ ಕ್ಯಾನ್ವಾಸ್ ಹೊಲಿದ ಹಾಗೆ.

ಆ ಶನಿವಾರ ಅಂಗಡಿ ಮಧ್ಯಾಹ್ನಕ್ಕೆ ತೆರೆಯುವುದಿತ್ತು. ಎಲ್ಲರೂ ಕೋಣೆಯಲ್ಲೇ ಇದ್ದೆವು. ಹತ್ತಕ್ಕೆ ಆದರ್ಶ ಬಂದ. ಗ್ಲೌಸಿರಲಿಲ್ಲ. ಅಂಟುವುದಿಲ್ಲ ಎಂಬ ಸುದ್ದಿ ಅವನಿಗೂ ಮುಟ್ಟಿತ್ತು. ಕೈಯಲ್ಲಿ ಹೊಸ ಫಾರಂ ಇತ್ತು.

"ಕೃಷ್ಣಪ್ಪ ಎಲ್ಲಿ?"

ಕಾಕ ಬಾಗಿಲಿಗೆ ಅಡ್ಡ ನಿಂತು ತುಟಿಗೆ ಬೆರಳಿಟ್ಟರು. "ಮೆಲ್ಲ. ಮಲಗಿದ್ದಾರೆ."

"ಎಬ್ಬಿಸಿ."

"ಇಲ್ಲ."

ಇಲ್ಲಿಯ ಹದಿನಾಲ್ಕು ವರ್ಷದಲ್ಲಿ ಕಾಕ ಧಣಿಗೆ ಇಲ್ಲ ಎಂದದ್ದನ್ನು ಯಾರೂ ಕೇಳಿರಲಿಲ್ಲ. ನಾನು ಬಂದದ್ದೇ ಎರಡು ವರ್ಷದ ಹಿಂದೆ, ಆದರೆ ಉಳಿದವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರ್ಶ ಕಾಕನನ್ನು ಬಿಟ್ಟು ಹ್ಯೂಬರ್ಟನ ಕಡೆ ತಿರುಗಿದ.

"ಹ್ಯೂಬರ್ಟ್, ಎಬ್ಬಿಸು ಅವನನ್ನು."

ಹ್ಯೂಬರ್ಟ್ ಅಂಗಿಗೆ ಗುಂಡಿ ಹಾಕಿಕೊಂಡ. ನೀಟಾಗಿ, ಮೇಲಿನಿಂದ ಕೆಳಗೆ, ಒಂದೊಂದೇ. "ಆಗುದಿಲ್ಲ ಸಾರ್. ಏಳು ವಾರದ ನಿದ್ರೆ. ಮುಗಿಯುವಾಗ ತಡ ಆಗ್ತದೆ."

"ಎಲ್ಲರನ್ನೂ ಕಳಿಸ್ತೇನೆ ಊರಿಗೆ!" ಎಂದು ಆದರ್ಶ ಕೂಗಿದ. ಕೂಗಿದ್ದು ಅರ್ಧಕ್ಕೇ ಪಿಸುಮಾತಾಯಿತು. ಏಳು ಜನ ಎದ್ದು ನಿಂತಿದ್ದೆವು. ಯಾರೂ ಕೈ ಎತ್ತಲಿಲ್ಲ, ಬೈಯಲಿಲ್ಲ. ಕೃಷ್ಣಪ್ಪಣ್ಣನ ಮಂಚದ ಸುತ್ತ ನಿಂತಿದ್ದೆವು, ಅಷ್ಟೆ. ಕೋಣೆ ಸಣ್ಣದು. ಏಳು ಜನ ನಿಂತರೆ ಎಂಟನೆಯವನಿಗೆ ನಿಲ್ಲಲು ಜಾಗವಿರುವುದಿಲ್ಲ.

ಕೃಷ್ಣಪ್ಪಣ್ಣ ಮಗ್ಗುಲು ಬದಲಿಸಿದರು. ಗೊರಕೆ ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

ನಾನು ಬಾಗಿಲ ಬಳಿಯ ಬಕೆಟನ್ನು ಬೋರಲು ಹಾಕಿದೆ. "ಕೂತ್ಕೊಳ್ಳಿ ಸಾರ್. ಎದ್ದ ಮೇಲೆ ಅವರೇ ನಿಮ್ಮತ್ರ ಮಾತಾಡ್ತಾರೆ. ಸಹಿ ಹಾಕ್ತಾರಾ ಇಲ್ವಾ, ಯಾವಾಗ ಹೋಗ್ತಾರೆ, ಎಲ್ಲ ಅವರೇ ಹೇಳ್ತಾರೆ."

ಅವನು ಬಾಗಿಲು ನೋಡಿದ, ನಮ್ಮನ್ನು ನೋಡಿದ, ಬಕೆಟ್ ನೋಡಿದ. ಸಂಜೆಗೆ ನೂರ ಎಂಬತ್ತು ಕೋಟು ಹೋಟೆಲಿಗೆ ಹೋಗಬೇಕಿತ್ತು. ಕೆಲಸ ಮಾಡುವ ಏಳೂ ಜನ ಇಲ್ಲಿದ್ದೆವು. ಕೂತ. ಇಸ್ತ್ರಿ ಹಾಕಿದ ಪ್ಯಾಂಟು ಮೊಣಕಾಲಿನ ಹತ್ತಿರ ಮುದುಡಿತು. ಅದಕ್ಕೆ ಇಸ್ತ್ರಿ ಹಾಕಿದ್ದು ನಾನೇ.

ಹನ್ನೊಂದಾಯಿತು. ಕಾಕ ಒಲೆಯ ಬಳಿ ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದರು. ಹನ್ನೊಂದೂವರೆಗೆ ಆದರ್ಶನ ಫೋನು ಹೊಡೆದುಕೊಂಡಿತು. ಹೋಟೆಲಿನವರದ್ದಿರಬೇಕು. ಏಳೂ ಜನ ಒಟ್ಟಿಗೆ ಅವನ ಕಡೆ ತಿರುಗಿ ನೋಡಿದೆವು.

ಅವನು ಅವಸರದಲ್ಲಿ ಕಿಸೆಗೆ ಕೈ ಹಾಕಿ ಫೋನಿನ ಸದ್ದು ಬಂದ್ ಮಾಡಿದ.